ಹೊಸ ಹಾಸಿಗೆ ತಗೊಳ್ಳೋ ಮುಂಚೆ ಹಳೇ ಮೂರನ್ನ ಎಲ್ಲಿಗೆ ಸಾಗಿಸೋದು?

ಮಂಚದಡಿ (ಪ್ರಶ್ನೆ)

ಜಾಗ ಬೆಂಗಳೂರು. ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. 78x72 ಇಂಚಿನ, 8 ಇಂಚು ದಪ್ಪದ ಫೋಮ್ ಹಾಸಿಗೆ ತಗೋಬೇಕು ಅಂತಿದೆ, ಇನ್ನೂ ದುಡ್ಡು ಕಟ್ಟಿಲ್ಲ. ಮನೆಯಿಂದ ಹೊರಗೆ ಹೋಗಬೇಕಾದವು ಇವು:

1. 78x72 ಸ್ಪ್ರಿಂಗ್ ಹಾಸಿಗೆ, 9 ವರ್ಷ ಹಳೇದು. ಒಂದು ಮಗ್ಗುಲಲ್ಲಿ ಗುಂಡಿ ಬಿದ್ದಿದೆ.
2. 72x48 ಕಾಯರ್ (ತೆಂಗಿನ ನಾರಿನ) ಹಾಸಿಗೆ, 4 ಇಂಚು. ಎಷ್ಟು ಹಳೇದು ಅಂತ ಲೆಕ್ಕ ಇಲ್ಲ.
3. ಆರಡಿ-ಮೂರಡಿ ಹತ್ತಿ ಹಾಸಿಗೆ, ಗಂಟುಗಂಟಾಗಿದೆ.

ಕಸದ ಆಟೋದವರು ಮುಟ್ಟಲ್ಲ ಅಂದ್ರು. ಗುಜರಿಯವರು ಸ್ಪ್ರಿಂಗ್ ಬಿಚ್ಚಿ ಕೊಟ್ಟರೆ ಮಾತ್ರ ತಗೋತಾರಂತೆ. ಒಂದು ಅಂಗಡಿಯಲ್ಲಿ ಎಕ್ಸ್‌ಚೇಂಜ್ ಅಂತ ಬೋರ್ಡ್ ಇದೆ, ಆನ್‌ಲೈನ್‌ನಲ್ಲಿ ತಗೊಂಡ್ರೆ ಅದಕ್ಕಿಂತ ಸ್ವಲ್ಪ ಕಡಿಮೆ ಬೀಳುತ್ತೆ. ಯಾವುದನ್ನ ಯಾರಿಗೆ ಕೊಡೋದು, ಯಾವುದನ್ನ ಇಟ್ಕೊಳ್ಳೋದು, ಎಕ್ಸ್‌ಚೇಂಜ್‌ನಲ್ಲಿ ನಿಜಕ್ಕೂ ಲಾಭ ಇದೆಯಾ? ಗೊತ್ತಿರೋರು ಹೇಳಿ.

---

ಅಂಗಡಿಕಡೆಯವ

ಎಕ್ಸ್‌ಚೇಂಜ್ ವಿಷಯ ಮೊದಲು ಬಗೆಹರಿಸ್ಕೊಳ್ಳಿ, ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ನಿಮ್ಮ 9 ವರ್ಷದ ಸ್ಪ್ರಿಂಗ್ ಹಾಸಿಗೆಗೆ ಅಂಗಡಿಯವರು ಬೆಲೆ ಕಟ್ಟುತ್ತಾರೆ ಅಂದ್ಕೋಬೇಡಿ. ಅದು ಹೆಸರು ಬದಲಾಯಿಸಿದ ಡಿಸ್ಕೌಂಟ್, ಅಷ್ಟೇ. ಹಾಗಾಗಿ ಅಂಗಡಿಗೆ ಹೋದಾಗ ಹಳೇ ಹಾಸಿಗೆ ಸುದ್ದಿ ಎತ್ತದೆ ಮೊದಲು ಕೊನೇ ರೇಟ್ ಕೇಳಿ. ಆಮೇಲೆ "ಎಕ್ಸ್‌ಚೇಂಜ್ ಕೊಟ್ರೆ ಎಷ್ಟು" ಅನ್ನಿ. ಉದಾಹರಣೆಗೆ ಎಂಆರ್‌ಪಿ 30,000 ಇದ್ದು, ಸುಮ್ಮನೆ ಕೇಳಿದ್ದಕ್ಕೆ 24,000 ಅಂದು, ಎಕ್ಸ್‌ಚೇಂಜ್‌ನಲ್ಲಿ 22,500 ಅಂದ್ರೆ ಹಳೇದರ ಬೆಲೆ 1,500. ಬೋರ್ಡ್ ಮೇಲೆ 25% ಅಂತ ಬರೆದಿದ್ರೂ ಹಳೇದರ ಬೆಲೆ 7,500 ಅಲ್ಲ. ಆನ್‌ಲೈನ್‌ನಲ್ಲಿ ಅದೇ ದಪ್ಪ, ಅದೇ ಡೆನ್ಸಿಟಿಯದು (ಡೆನ್ಸಿಟಿ ಅಂದ್ರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ಅನ್ನೋದು) 21,500ಕ್ಕೆ ಸಿಕ್ಕರೆ ಉಳಿಯೋದು 1,000 ರೂಪಾಯಿ ವ್ಯತ್ಯಾಸ. ಎರಡನೇ ಮಹಡಿಯಿಂದ ಮೂರು ಹಾಸಿಗೆ ಇಳಿಸಿ ಸಾಗಿಸೋಕೆ ಆ ಸಾವಿರ ಸಾಲುತ್ತಾ ಅನ್ನೋದೇ ನಿಮ್ಮ ಲೆಕ್ಕ. ಎಕ್ಸ್‌ಚೇಂಜ್‌ನ ನಿಜವಾದ ಲಾಭ ಇರೋದು ಅವರು ಬಂದು ಎತ್ಕೊಂಡು ಹೋಗೋದರಲ್ಲಿ. ದುಡ್ಡು ಆಮೇಲಿನ ಮಾತು.

ಗಲಾಟೆ ಆಗೋದೂ ಅಲ್ಲೇ. ಕೆಲವು ಅಂಗಡಿಯಲ್ಲಿ ಎಕ್ಸ್‌ಚೇಂಜ್ ಬರೀ ಬಿಲ್ಲಿನ ಮೇಲಿರುತ್ತೆ. ಡಿಸ್ಕೌಂಟ್ ಕೊಡ್ತಾರೆ, ಹಳೇದನ್ನ ನೋಡೋಕೂ ಬರಲ್ಲ. ಇನ್ನು ಕೆಲವರ ಡೆಲಿವರಿ ಹುಡುಗರಿಗೆ ವಿಷಯವೇ ಗೊತ್ತಿರಲ್ಲ, ಹೊಸದನ್ನ ಇಳಿಸಿ ಹೊರಟುಬಿಡ್ತಾರೆ. ಅಡ್ವಾನ್ಸ್ ಕೊಡೋ ಮುಂಚೆ ಈ ಮಾತುಗಳನ್ನ ಬಿಲ್ಲಿನ ಮೇಲೇ ಬರೆಸಿ: ಎಷ್ಟು ಹಾಸಿಗೆ, ಯಾವ ಅಳತೆ, "ಎರಡನೇ ಮಹಡಿಯಿಂದ ಇಳಿಸಿ ಒಯ್ಯುವುದು ಅಂಗಡಿಯ ಜವಾಬ್ದಾರಿ, ಬೇರೆ ಕೂಲಿ ಇಲ್ಲ". ಸಾಮಾನ್ಯವಾಗಿ ಒಂದಕ್ಕೆ ಒಂದು, ಅದೂ ಅದೇ ಅಳತೆ ಅಥವಾ ಅದಕ್ಕಿಂತ ದೊಡ್ಡದು ಅನ್ನೋ ಷರತ್ತು ಇರುತ್ತೆ. ನಿಮ್ಮ ಸ್ಪ್ರಿಂಗ್ ಹೋಗುತ್ತೆ, ಕಾಯರ್ ಮತ್ತು ಹತ್ತಿ ಉಳೀತವೆ. "ಜೊತೆಗೆ ಕಾಯರ್ ಒಂದು ಹಾಕಿಬಿಡಿ, 200 ಕೊಡ್ತೀನಿ" ಅಂತ ಗಾಡಿಯವರನ್ನ ಕೇಳಿದ್ರೆ ಬಹಳಷ್ಟು ಸಲ ಒಪ್ಪುತ್ತಾರೆ, ಗಾಡಿ ಹೇಗೂ ಖಾಲಿ ವಾಪಸ್ ಹೋಗಬೇಕು. ಆದರೆ ಅವರು ಅದನ್ನ ಎಲ್ಲಿ ಇಳಿಸ್ತಾರೆ ಅಂತಲೂ ಕೇಳಿ. ಮೋರಿ ಪಕ್ಕ ಇಳಿಸೋದಾದ್ರೆ ನಿಮ್ಮ 200 ವ್ಯರ್ಥ.

ಒದ್ದೆಯಾಗಿರೋದು, ತಿಗಣೆ ಇರೋದು, ಹರಿದು ಒಳಗಿನದು ಆಚೆ ಬಂದಿರೋದನ್ನ ಬಾಗಿಲಲ್ಲೇ ನೋಡಿ ಬೇಡ ಅಂತಾರೆ. ಅದೂ ಷರತ್ತಲ್ಲಿ ಇರುತ್ತೆ. ಫೋನಲ್ಲಿ ನಾಲ್ಕು ಫೋಟೋ ತೆಗೆದು ಅಂಗಡಿಗೆ ಮೊದಲೇ ಕಳಿಸಿ: ಮೇಲ್ಗಡೆ, ಕೆಳಗಡೆ, ಒಂದು ಅಂಚು, ಒಂದು ಮೂಲೆ.

ಇನ್ನೊಂದು, ಸ್ಪ್ರಿಂಗ್ ಹಾಸಿಗೆಯ ವಾರಂಟಿ ಕಾರ್ಡ್ ಇದ್ರೆ ಹುಡುಕಿ. 10 ವರ್ಷ ಅಂತ ಇದ್ರೆ ಇನ್ನೂ ಒಂದು ವರ್ಷ ಬಾಕಿ. ಗುಂಡಿ ಎಷ್ಟು ಆಳ ಅಂತ ಅಳೆಯೋಕೆ ಬೆಡ್‌ಶೀಟ್ ತೆಗೆದು, ಮೇಲೆ ಯಾರೂ ಕೂರದೆ, ಈ ಅಂಚಿನಿಂದ ಆ ಅಂಚಿಗೆ ದಾರ ಬಿಗಿಯಾಗಿ ಎಳೆದು ಹಿಡೀರಿ. ಗುಂಡಿಯ ತಳದಿಂದ ದಾರಕ್ಕೆ ಸ್ಕೇಲ್ ಹಿಡಿದು ಫೋಟೋ ತೆಗೀರಿ. ಒಂದು ಇಂಚು ಅಂದ್ರೆ 25 ಮಿ.ಮೀ. ಮೇಲಿದ್ರೆ ಎಷ್ಟೋ ಕಂಪನಿಗಳು ದೋಷ ಅಂತ ಒಪ್ಕೋತವೆ. ಕಲೆ ಇದ್ರೆ ಮಾತ್ರ ವಾರಂಟಿ ಹೋಯ್ತು ಅನ್ನಿ. ಒಂಬತ್ತನೇ ವರ್ಷದಲ್ಲಿ ಪೂರ್ತಿ ದುಡ್ಡು ಯಾರೂ ಕೊಡಲ್ಲ, ವರ್ಷದ ಲೆಕ್ಕದಲ್ಲಿ ಕಳೆದು ಹೊಸದರ ಮೇಲೆ ಒಂದಿಷ್ಟು ಬಿಡ್ತಾರೆ. ಅದು ಎಕ್ಸ್‌ಚೇಂಜ್‌ನ 1,500ಕ್ಕಿಂತ ಜಾಸ್ತಿ ಆದರೂ ಆಗಬಹುದು.

---

ಒಣಕಸ_ವಾರ್ಡ್

ಕಸದ ಆಟೋದವರ ಮೇಲೆ ಸಿಟ್ಟಾಗಬೇಡಿ. ಆಟೋ ಟಿಪ್ಪರ್ ಇರೋದು ದಿನದ ಹಸಿ ಕಸ, ಒಣ ಕಸಕ್ಕೆ. ಒಂದು ಕಿಂಗ್ ಸೈಜ್ ಹಾಸಿಗೆ ಹೇರಿದ್ರೆ ಅರ್ಧ ಬೀದಿಯ ಕಸಕ್ಕೆ ಜಾಗ ಇರಲ್ಲ. ಮುಂದೆ ದೊಡ್ಡ ಲಾರಿಗೆ ಸುರಿದಾಗ, ಕಸ ಒತ್ತೋ ಯಂತ್ರದಲ್ಲಿ ಸ್ಪ್ರಿಂಗ್ ತಂತಿ ಸಿಕ್ಕಿಹಾಕ್ಕೊಂಡ್ರೆ ಗಾಡಿಯೇ ನಿಲ್ಲುತ್ತೆ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆ ಬಂದಿವೆ. ಕಸದ ಕೆಲಸ ನೋಡೋದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ, ಎಲ್ಲರ ಬಾಯಲ್ಲಿ ಬಿಎಸ್‌ಡಬ್ಲ್ಯುಎಂಎಲ್. ಅವರ ಸಹಾಯವಾಣಿಗೆ ಕರೆ ಮಾಡಿ, ಇಲ್ಲಾ ನಿಮ್ಮ ವಾರ್ಡಿನ ಮಾರ್ಷಲ್ ಅಥವಾ ಮೇಸ್ತ್ರಿಯನ್ನ ಹಿಡಿದು "ಹಾಸಿಗೆ, ಸೋಫಾಗೆ ಬೇರೆ ಗಾಡಿ ಯಾವ ದಿನ ಬರುತ್ತೆ" ಅಂತ ಕೇಳಿ. ಬೆಳಿಗ್ಗೆ ಆಟೋ ಬರೋ ಹೊತ್ತಲ್ಲಿ ಮೇಸ್ತ್ರಿ ಅಲ್ಲೇ ಸುತ್ತಾಡ್ತಿರ್ತಾರೆ, ಅವರ ಹತ್ತಿರ ಹೋದ್ರೆ ಕೆಲಸ ಬೇಗ ಆಗುತ್ತೆ. ಕೇಳುವಾಗ ಅಳತೆ, ಎಷ್ಟು, ಒಳಗೆ ಏನಿದೆ, ಯಾವ ಮಹಡಿ ಇಷ್ಟನ್ನೂ ಹೇಳಿ. ಗಾಡಿ ಬರೋ ದಿನ ನೆಲಮಹಡಿಗೆ ಇಳಿಸಿ ಇಡೋದು ನಿಮ್ಮ ಕೆಲಸ. ಪೌರಕಾರ್ಮಿಕರು ಮನೆಯೊಳಗೆ ಬಂದು ಎರಡು ಮಹಡಿ ಇಳಿಸ್ಕೊಡಲಿ ಅನ್ನೋದು ನ್ಯಾಯವಲ್ಲ.

ವಾರ್ಡಿನ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೂ ಒಂದು ಸಲ ಹೋಗಿ ಬನ್ನಿ. ಇಡೀ ಹಾಸಿಗೆ ಬಹುಶಃ ತಗೊಳ್ಳಲ್ಲ, ಅಲ್ಲಿ ಜಾಗವೇ ಇರಲ್ಲ. ಆದರೆ ಬಿಚ್ಚಿ ಬೇರೆಬೇರೆ ಮಾಡಿದ್ರೆ ಉಕ್ಕು ಖಂಡಿತ, ಒಣಗಿದ ಶುಭ್ರ ಫೋಮ್ ಇದ್ರೆ ಕೆಲವೊಮ್ಮೆ ಅದನ್ನೂ ತಗೋತಾರೆ. ಫೋಮ್ ಚೂರನ್ನ ಪುಡಿ ಮಾಡಿ ಅಂಟು ಹಾಕಿ ಒತ್ತಿದ್ರೆ ರೀಬಾಂಡೆಡ್ ಫೋಮ್, ಬಣ್ಣಬಣ್ಣದ ಚುಕ್ಕಿ ಇರೋ ಗಟ್ಟಿ ಹಾಳೆ. ಅಂಗಡಿಯಲ್ಲಿ "ಆರ್ಥೋ" ಅಂತ ಮಾರೋ ಎಷ್ಟೋ ಹಾಸಿಗೆಗಳ ನಡುಪದರ ಅದೇ. ಒದ್ದೆ ಫೋಮ್, ಹಳದಿಯಾಗಿ ಉದುರೋ ಫೋಮ್ ಅದಕ್ಕೂ ಬರಲ್ಲ. ಯಾವುದಕ್ಕೂ ಬಾರದ್ದು ಉರಿಯೋ ಗುಣ ಇದ್ರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹೋಗಬೇಕು. 2016ರ ಘನತ್ಯಾಜ್ಯ ನಿಯಮದಲ್ಲೇ ಕೆಜಿಗೆ 1,500 ಕಿಲೋ ಕ್ಯಾಲರಿ ಮೇಲಿರೋ ಕಸವನ್ನ ನೆಲಭರ್ತಿಗೆ ಹಾಕಬಾರದು ಅಂತಿತ್ತು. ಫೋಮ್ ಆ ಮಿತಿಯನ್ನ ಎಷ್ಟೋ ಪಟ್ಟು ದಾಟುತ್ತೆ.

ಇದನ್ನ ಓದೋ ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು: ದಿನಕ್ಕೆ 100 ಕೆಜಿ ಮೇಲೆ ಕಸ ಬರೋ ಸಂಕೀರ್ಣ ಘನತ್ಯಾಜ್ಯ ನಿಯಮದ ಪ್ರಕಾರ ಸಗಟು ಉತ್ಪಾದಕ, ಅಂದ್ರೆ ದೊಡ್ಡ ಪ್ರಮಾಣದಲ್ಲಿ ಕಸ ಮಾಡೋರು. ಅಲ್ಲಿ ಕಸ ಒಯ್ಯೋ ಖಾಸಗಿ ಗುತ್ತಿಗೆದಾರರು ಇದ್ದೇ ಇರ್ತಾರೆ. ಒಂದು ಹಾಸಿಗೆಗೆ ಬರದವರು ಐದಾರು ಮನೆಯದು ಸೇರಿದ್ರೆ ಟಾಟಾ ಏಸ್ ಕಳಿಸ್ತಾರೆ. ಅಸೋಸಿಯೇಷನ್ ಗುಂಪಲ್ಲಿ ಒಂದು ಮೆಸೇಜ್ ಹಾಕಿ ಕಾಯಿರಿ.

ಮಾಡಬಾರದ್ದು ಎರಡು. ಖಾಲಿ ಸೈಟಿಗೋ ರಾಜಕಾಲುವೆಗೋ ಎಸೆಯೋದು: ದಂಡ ಬೀಳೋದು ಒಂದು ಕಡೆ ಇರಲಿ, ಫೋಮ್ ನೀರು ಕುಡಿದು ಹತ್ತಾರು ಪಟ್ಟು ತೂಕ ಆಗಿ ಮೋರಿಯ ಜಾಲರಿಗೆ ಅಂಟಿ ಕೂತರೆ ನಾಲ್ಕು ಜನ ಸೇರಿದ್ರೂ ಎಳೆಯೋಕಾಗಲ್ಲ. ಮತ್ತೊಂದು, ಸುಡೋದು. ಪಾಲಿಯುರೇಥೇನ್ ಫೋಮ್ ಸುಟ್ಟಾಗ ಇಂಗಾಲದ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡ್ ಬರುತ್ತೆ. ಸ್ಪ್ರಿಂಗ್ ಸುಲಭವಾಗಿ ಸಿಗಲಿ ಅಂತ ಹಾಸಿಗೆಗೆ ಬೆಂಕಿ ಇಡೋ ಗುಜರಿಯವರೂ ಇದಾರೆ. ಅಂಥವರಿಗೆ ಕೊಡಬೇಡಿ.

---

ಹುಬ್ಬಳ್ಳಿ_ಗಾದಿ

ಹತ್ತಿ ಗಾದಿ ಮಾತ್ರ ಎಸೀಬ್ಯಾಡ್ರಿ. ನಿಮ್ಮ ಮೂರರಾಗ ಇನ್ನೂ ಜೀವ ಇರೋದು ಅದೊಂದಕ್ಕ.

ಗಂಟಾಗೇದ ಅಂದ್ರ ಅರಳಿ (ಒಳಗಿನ ಹತ್ತಿ) ಕೆಟ್ಟೇದ ಅಂತ ಅಲ್ರಿ, ಒತ್ತಿ ಕುಂತದ ಅಷ್ಟ. ಹಿಂಜಿಸಿದ್ರ ಮತ್ತ ಏಳತದ. ಮೊದಲ ಒಂದು ಮೂಲಿ ಹೊಲಿಗಿ ಬಿಚ್ಚಿ ಒಂದು ಚಿಟಿಕಿ ಅರಳಿ ತಗೀರಿ, ಚಿಮಟಿಗಿಲೆ ಹಿಡದು ಸಿಂಕಿನ ಮ್ಯಾಲೆ ಕಡ್ಡಿ ಗೀರ್ರಿ. ಕಾಗದ ಸುಟ್ಟ ವಾಸನಿ ಬಂದು ಮೆತ್ತಗಿನ ಬೂದಿ ಆದ್ರ ಹತ್ತಿ. ಕರಗಿ ಕರಿ ಮಣಿ ಹಂಗ ಗಟ್ಟಿ ಆತಂದ್ರ ಪಾಲಿಯೆಸ್ಟರ್ ಬೆರಕಿ. ಬೆರಕಿ ಅರಳಿ ಮಿಷಿನ್ನಾಗ ಸರಿಯಾಗಿ ಬಿಡಿಸಂಗಿಲ್ಲ, ಹಿಂಜಿದ್ರೂ ಎರಡ ತಿಂಗಳಾಗ ಮತ್ತ ಗಂಟು ಬೀಳತದ. ಬಣ್ಣಬಣ್ಣದ ನೂಲಿನ ಚೂರು ಕಂಡ್ರ ಅದು ಹಳೀ ಅರಿಬಿ ಹರದು ಮಾಡಿದ್ದು, ಅದಕ್ಕ ರೊಕ್ಕ ಹಾಕಬ್ಯಾಡ್ರಿ. ಬೂರಗದ ಹತ್ತಿ ಇದ್ರ ಕೈಗೆ ರೇಷ್ಮಿ ಹಂಗ ಜಾರತದ, ನೀರಾಗ ಹಾಕಿದ್ರ ತೇಲತದ. ಅದರ ಎಳಿ ಗಿಡ್ಡ, ಮಿಷಿನ್ನಿಗೆ ಹಾಕಿದ್ರ ಪುಡಿ ಆಗಿ ಹಾರಿ ಹೋಗತದ. ಬಿಸಲಿಗಿ ಹಾಕಿ ಕೋಲಿಲೆ ಬಡದು ದಿಂಬಿಗಿ ತುಂಬ್ರಿ ಸಾಕು.

ಆರಡಿ-ಮೂರಡಿ ಗಾದ್ಯಾಗ 8ರಿಂದ 10 ಕೆಜಿ ಅರಳಿ ಇರತದ. ಹಿಂಜಿದ ಮ್ಯಾಲೆ ಧೂಳು ಹೋಗಿ ಒಂದು ಕೆಜಿ, ಒಂದೂವರಿ ಕೆಜಿ ಕಡಿಮಿ ಆಗತದ. ಅಷ್ಟು ಹೊಸಾ ಅರಳಿ ಕೂಡಿಸ್ರಿ ಅಂತ ಹೇಳ್ರಿ. ಹಿಂಜೋ ಮುಂಚೆ, ಹಿಂಜಿದ ಮ್ಯಾಲೆ ಎರಡೂ ಸಲ ನಿಮ್ಮ ಕಣ್ಣೆದುರಿಗೆ ತೂಕ ಮಾಡಸ್ರಿ. ಇಲ್ಲಂದ್ರ ಕೊಟ್ಟ ಅರಳಿನ ಬ್ಯಾರೆ, ಬಂದ ಅರಳಿನ ಬ್ಯಾರೆ ಆಗತದ. ಖೋಳಕ್ಕ (ಮ್ಯಾಲಿನ ಕವರಿಗೆ) ದಪ್ಪ ಪಟ್ಟಿ ಅರಿಬಿನ ತಗೋರಿ, ತೆಳು ಅರಿಬಿ ಆದ್ರ ಎಳಿ ಹೊರಗ ಬಂದು ಮೈಗೆ ಚುಚ್ಚತದ. ದಬ್ಬಣದಿಂದ ಟಾಕಿ (ಹೊಲಿಗಿ) ಹಾಕುವಾಗ ಒಂದು ಗೇಣಿಗೆ ಒಂದರಂತ ಹಾಕಸ್ರಿ. ಟಾಕಿ ದೂರ ಇದ್ರ ಅರಳಿ ಒಂದ ಕಡೆ ಸರದು ಗಂಟು ಬೀಳೋದು ಖಾತ್ರಿ. ನಿಮ್ಮ ಹಳೀ ಗಾದಿ ಹಾಳಾಗಿದ್ದಕ್ಕೂ ಅದ ಕಾರಣ ಇರಬೇಕು, ಟಾಕಿ ಹರದಾವೇನು ಎಣಿಸಿ ನೋಡ್ರಿ.

ಬೆಂಗಳೂರಾಗೂ ಹಾಸಿಗಿ ಹೊಲಿಯೋ ಸಣ್ಣ ಅಂಗಡಿ ಅದಾವ, ಮುಂದ ಹೊಸಾ ದಿಂಬು ತೂಗಹಾಕಿರತಾರ. ಉಚ್ಚಿ ಹೊಯ್ದ ಗಾದಿ, ಬೂಸ್ಟು ಹಿಡದ ಗಾದಿ ಮಾತ್ರ ಹಿಂಜಬ್ಯಾಡ್ರಿ. ಆ ಧೂಳು ಹಿಂಜಾವನ ಎದಿಗೆ ಹೋಗತದ.

---

ಮಂಚದಡಿ

ಬಹಳ ಉಪಯೋಗ ಆಯ್ತು. ಚಿಟಿಕೆ ಹತ್ತಿ ಸುಟ್ಟು ನೋಡಿದೆ, ಬೂದಿ ಆಯ್ತು. ಹಿಂಜಿಸೋಕೆ ಕೊಡ್ತೀನಿ.

ಕಾಯರ್ ಎತ್ತಿದ್ರೆ ಮಂಚದ ಪ್ಲೈವುಡ್ ಮೇಲೆ ಕಂದು ಪುಡಿ ಇದೆ, ಕಾಫಿಪುಡಿ ಥರ. ಗೆದ್ದಲಾ? ಸ್ಪ್ರಿಂಗ್ ಹಾಸಿಗೆ ಎಕ್ಸ್‌ಚೇಂಜ್‌ಗೆ ಹೋಗದಿದ್ರೆ ನಾನೇ ಬಿಚ್ಚಬಹುದಾ? ಅಂಚಿನ ಹೊಲಿಗೆ ಹತ್ತಿರ ಸಣ್ಣ ಕಪ್ಪು ಚುಕ್ಕಿಗಳೂ ಕಾಣ್ತಿವೆ.

---

ಕಟಿಂಗ್‌ಪ್ಲೇಯರ್

ಬಹುಶಃ ಗೆದ್ದಲಲ್ಲ. ಕಾಯರ್ ಹಾಸಿಗೆ ಅಂದ್ರೆ ಸುರುಳಿ ಮಾಡಿದ ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಬೇಯಿಸಿದ ಹಾಳೆ. ಆ ರಬ್ಬರೇ ನಾರನ್ನ ಹಿಡಿದಿಟ್ಟಿರೋದು. ವರ್ಷ ಕಳೆದಂತೆ ರಬ್ಬರ್ ಗಾಳಿಗೆ ಒಣಗಿ ಸೀಳಿ ಪುಡಿಯಾಗುತ್ತೆ, ನಾರೂ ತುಂಡಾಗುತ್ತೆ. ನೀವು ನೋಡ್ತಿರೋದು ಅದು. ಗೆದ್ದಲಾದ್ರೆ ಸಾಮಾನ್ಯವಾಗಿ ಮಣ್ಣಿನ ಗೆರೆ ಇರ್ತಿತ್ತು. ಪುಡಿ ಶುರುವಾದ ಕಾಯರ್‌ಗೆ ರಿಪೇರಿ ಇಲ್ಲ. ಮೇಲೆ ಎರಡಿಂಚು ಫೋಮ್ ಹಾಕಿ ಕವರ್ ಹೊಲಿಸಿ ಅನ್ನೋರ ಮಾತು ಕೇಳಬೇಡಿ, ಗುಂಡಿ ಆರು ತಿಂಗಳಲ್ಲಿ ಮೇಲಕ್ಕೇ ಬರುತ್ತೆ. ಬಟ್ಟೆ ಸುಲಿದು ಬ್ರೆಡ್ ಕೊಯ್ಯೋ ಹಲ್ಲಿನ ಚಾಕುವಿನಿಂದ ಒಂದೊಂದು ಅಡಿಯ ಪಟ್ಟಿ ಮಾಡಿ, ಗೋಣಿಚೀಲಕ್ಕೆ ತುಂಬಿ. ಮೂಗಿಗೆ ಮಾಸ್ಕ್ ಬೇಕೇ ಬೇಕು. ಹೂವಿನ ಗಿಡದ ಬುಡಕ್ಕೆ ಮುಚ್ಚಿಗೆ ಹಾಕಬಹುದು. ಗೊಬ್ಬರದ ಗುಂಡಿಗೆ ಮಾತ್ರ ಬೇಡ, ರಬ್ಬರ್ ಬೆಂದಿರೋದ್ರಿಂದ ಕೊಳೆಯೋಕೆ ವರ್ಷಗಟ್ಟಲೆ ಬೇಕು.

ಸ್ಪ್ರಿಂಗ್ ಬಿಚ್ಚೋಕೆ ಒಬ್ಬರೇ ಆದ್ರೆ ಒಂದು ಬೆಳಿಗ್ಗೆ ಬೇಕು. ಬೇಕಾದ್ದು: ಪೇಪರ್ ಕಟ್ಟರ್ (ಅಗಲ ಬ್ಲೇಡಿನದು, ಎರಡು ಬ್ಲೇಡ್ ಹೆಚ್ಚಿಗೆ), 8 ಇಂಚಿನ ಕಟಿಂಗ್ ಪ್ಲೇಯರ್, ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ. ಕನ್ನಡಕ ಬಿಡಬೇಡಿ. ಒತ್ತಿ ಕೂತಿರೋ ತಂತಿ ಬಿಟ್ಟಾಗ ನೇರ ಮುಖಕ್ಕೇ ಬರುತ್ತೆ.

ಮಾಡೋ ಕ್ರಮ ಹೀಗೆ. ಹಾಸಿಗೆ ನೆಲಕ್ಕೆ ಚಪ್ಪಟೆ ಹಾಕಿ, ಸುತ್ತ ಅಂಚಲ್ಲಿ ಓಡೋ ಪಟ್ಟಿಯ ಕೆಳಗೆ ಬ್ಲೇಡ್ ಇಟ್ಟು ನಾಲ್ಕೂ ಬದಿ ಸೀಳಿ. ಬ್ಲೇಡ್ ಆಳಕ್ಕೆ ಬೇಡ, ಒಂದು ಸೆಂಟಿಮೀಟರ್ ಸಾಕು, ಆಳ ಹೋದ್ರೆ ಅಂಚಿನ ಕಂಬಿಗೆ ತಾಗಿ ಮುರಿಯುತ್ತೆ. ಮೇಲಿನ ಬಟ್ಟೆ ಮತ್ತು ಅದಕ್ಕೆ ಹೊಲಿದ ತೆಳು ಫೋಮ್ ಒಟ್ಟಿಗೆ ಏಳುತ್ತೆ. ಪೂರ್ತಿ ಬರಲ್ಲ, ಸುತ್ತಲೂ ಸಣ್ಣ ಉಂಗುರದಂಥ ಕ್ಲಿಪ್‌ಗಳು ಹಿಡ್ಕೊಂಡಿರ್ತವೆ. ಪ್ರತಿಯೊಂದನ್ನ ಕತ್ತರಿಸ್ತಾ ಕೂರಬೇಡಿ. ಕ್ಲಿಪ್ಪಿನ ಬಾಯಿ ಕಡೆ ಪ್ಲೇಯರ್ ತೂರಿಸಿ ಒಂದು ಸಲ ತಿರುಚಿದ್ರೆ ತೆರ್ಕೊಳ್ಳುತ್ತೆ. ಬಿದ್ದ ಕ್ಲಿಪ್‌ಗಳನ್ನ ಆಗಾಗ ಡಬ್ಬಿಗೆ ಹಾಕ್ಕೊಳ್ಳಿ, ಬರಿಗಾಲಿಗೆ ಮುಳ್ಳಿಗಿಂತ ಕೆಟ್ಟದು. ಅದರ ಕೆಳಗೆ ಫೆಲ್ಟ್, ಅಂದ್ರೆ ಚಿಂದಿ ಬಟ್ಟೆ ಒತ್ತಿ ಮಾಡಿದ ಬೂದು ಹಾಳೆ ಇರುತ್ತೆ, ಅದನ್ನ ಎತ್ತಿಟ್ರೆ ಸ್ಪ್ರಿಂಗ್ ಕಾಣುತ್ತೆ. ತಿರುಗಿಸಿ ಆ ಬದಿಯೂ ಅದೇ ಕೆಲಸ.

ಈಗ ಎರಡು ಬಗೆ. ಬಾನೆಲ್ ಆದ್ರೆ ಎಲ್ಲ ಸ್ಪ್ರಿಂಗೂ ಉದ್ದಕ್ಕೆ ಓಡೋ ಸುರುಳಿ ತಂತಿಯಿಂದ ಕಟ್ಟಿರುತ್ತೆ. ಇಡೀ ಪಂಜರ ಒಂದೇ ತುಂಡಾಗಿ ಬರುತ್ತೆ, ಹಾಗೇ ಗುಜರಿಗೆ ಕೊಡಿ. ಕತ್ತರಿಸೋಕೆ ಹೋಗಬೇಡಿ, ಅದು ಗಟ್ಟಿ ಸ್ಪ್ರಿಂಗ್ ಉಕ್ಕು, ಮನೆಯ ಪ್ಲೇಯರಿನ ಬಾಯಿ ಹಲ್ಲು ಬೀಳುತ್ತೆ. ಬೋಲ್ಟ್ ಕಟ್ಟರ್ ಇದ್ರೆ ಅಂಚಿನ ದಪ್ಪ ಕಂಬಿಯನ್ನ ಎರಡು ಕಡೆ ತುಂಡು ಮಾಡಿ ಪಂಜರ ಮಡಚಿ, ಹಗ್ಗ ಬಿಗಿದು ಇಳಿಸಿ. ಪಾಕೆಟ್ ಸ್ಪ್ರಿಂಗ್ ಆದ್ರೆ ಒಂದೊಂದೂ ಬಟ್ಟೆಚೀಲದೊಳಗೆ ಇರುತ್ತೆ, ನೂರಾರು. ಚೀಲ ಸೀಳಿ ಒಂದೊಂದೇ ತೆಗೀಬೇಕು. ಅದಕ್ಕೇ ಗುಜರಿಯವರು ಪಾಕೆಟ್ ಅಂದ್ರೆ ಮೂಗು ಮುರೀತಾರೆ. ಬಿಚ್ಚೋದು ಲಾಭವಲ್ಲ, ಸಾಧ್ಯವಾದಷ್ಟೂ ಎಕ್ಸ್‌ಚೇಂಜ್‌ಗೇ ತಳ್ಳಿ.

78x72ರಲ್ಲಿ 12ರಿಂದ 18 ಕೆಜಿ ಉಕ್ಕು ಸಿಗಬಹುದು. ಹಗುರ ಗುಜರಿ ಅಂತ ಗಟ್ಟಿ ಕಬ್ಬಿಣಕ್ಕಿಂತ ಕಡಿಮೆ ರೇಟ್ ಹಾಕ್ತಾರೆ. ದುಡ್ಡಿಗಾಗಿ ಮಾಡೋ ಕೆಲಸ ಅಲ್ಲ, ಉಳಿದ ಬಟ್ಟೆ ಮತ್ತು ಫೋಮ್ ಮೂರು ಗೋಣಿಗೆ ಇಳಿಯುತ್ತೆ ಅನ್ನೋದೇ ಲಾಭ. ಬಾಡಿಗೆ ಮನೆ ಅಂತೀರಿ, ಟೈಲ್ಸ್ ಮೇಲೆ ಪಂಜರ ಎಳೀಬೇಡಿ. ಸುಲಿದ ಬಟ್ಟೆಯನ್ನೇ ಕೆಳಗೆ ಹಾಸಿ.

ಕಪ್ಪು ಚುಕ್ಕಿ ಬಗ್ಗೆ ಬೇರೆಯವರು ಹೇಳಲಿ. ಅಲ್ಲಿಯವರೆಗೂ ಬ್ಲೇಡ್ ಹಾಕಬೇಡಿ.

---

ಕೀಟನೋಟ

ಒದ್ದೆ ಬಿಳಿ ಬಟ್ಟೆಯಿಂದ ಚುಕ್ಕಿ ಉಜ್ಜಿ. ಕಂದು-ಕೆಂಪು ಹರಡಿದ್ರೆ ಅದು ತಿಗಣೆಯ ಮಲ, ಅಂದ್ರೆ ಜೀರ್ಣವಾದ ರಕ್ತ. ಹರಡದೆ ಬೂದು-ಹಸಿರಾಗಿ ಉಳಿದು ಮುಗ್ಗಲು ವಾಸನೆ ಬಂದ್ರೆ ಬೂಸ್ಟು. ಆಮೇಲೆ ಟಾರ್ಚ್ ಹಿಡಿದು ಅಂಚಿನ ಪಟ್ಟಿಯ ಮಡಿಕೆ ಬಿಡಿಸಿ. ತಿಳಿ ಕಂದು ಪೊರೆ, ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆ ಕಾಣ್ತವಾ ನೋಡಿ. ಮಂಚದ ಸ್ಕ್ರೂ ತೂತು, ತಲೆಹಲಗೆಯ ಹಿಂಭಾಗವೂ ಸೇರಿ.

ತಿಗಣೆ ಅಂತ ಖಾತ್ರಿಯಾದ್ರೆ ಮೇಲಿನ ಎಲ್ಲ ಸಲಹೆ ಪಕ್ಕಕ್ಕಿಡಿ. ಎಕ್ಸ್‌ಚೇಂಜ್ ಇಲ್ಲ, ದಾನ ಇಲ್ಲ, ಮನೆಯೊಳಗೆ ಬಿಚ್ಚೋದೂ ಇಲ್ಲ. ಹತ್ತಿ ಹಾಸಿಗೆಯಲ್ಲೂ ಇದ್ರೆ ಅದನ್ನೂ ಹಿಂಜಿಸೋಕೆ ಕೊಡಬೇಡಿ, ಆ ಅಂಗಡಿಯ ಎಲ್ಲ ದಿಂಬಿಗೂ ಹಬ್ಬುತ್ತೆ. ಬಿಸಿಲಿಗೆ ಹಾಕಿದ್ರೆ ಸಾಯ್ತವೆ ಅನ್ನೋದನ್ನ ನಂಬಬೇಡಿ. ದೊಡ್ಡ ತಿಗಣೆ ಸಾಯೋಕೆ 48 ಡಿಗ್ರಿ, ಮೊಟ್ಟೆಗೆ 55 ಡಿಗ್ರಿ ಹತ್ತಿರ ಶಾಖ ಬೇಕು, ಅದೂ ಹಾಸಿಗೆಯ ನಡುವಿನವರೆಗೂ ಮುಟ್ಟಿ ನಿಲ್ಲಬೇಕು. ಬೆಂಗಳೂರಿನ ಬಿಸಿಲಲ್ಲಿ ಮೇಲ್ಗಡೆ ಕಾಯುತ್ತೆ, ಅವು ಕೆಳಗಿನ ನೆರಳಿಗೆ ಸರಿದು ಕೂರ್ತವೆ. ಊಟ ಇಲ್ಲದೆ ತಿಂಗಳುಗಟ್ಟಲೆ ಬದುಕೋ ಪ್ರಾಣಿ, ಮೂಲೆಯಲ್ಲಿ ಇಟ್ಟು ಮರೆತರೂ ಹೋಗಲ್ಲ.

ಮಾಡಬೇಕಾದ್ದು: ಹಾಸಿಗೆ ಇದ್ದ ಜಾಗದಲ್ಲೇ ದಪ್ಪ ಪಾಲಿಥೀನ್ ಹಾಳೆಯಲ್ಲಿ ಸುತ್ತಿ, ಜೋಡಣೆಗೆಲ್ಲ ಅಗಲ ಟೇಪ್ ಹಚ್ಚಿ. ಸುತ್ತೋ ಮುಂಚೆ ಕೊಠಡಿಯಿಂದ ಕೊಠಡಿಗೆ ಎಳೀಬೇಡಿ, ಮೆಟ್ಟಿಲ ತುಂಬ ಉದುರಿಸ್ಕೊಂಡು ಹೋಗ್ತೀರಿ. ಮೇಲೆ ದಪ್ಪ ಮಾರ್ಕರ್‌ನಲ್ಲಿ "ತಿಗಣೆ ಇದೆ, ಮುಟ್ಟಬೇಡಿ" ಅಂತ ಎರಡೂ ಬದಿ ಬರೆಯಿರಿ. ವಾರ್ಡಿನ ಗಾಡಿಗೆ ಮೊದಲೇ ಹೇಳಿ, ಅದು ಬರೋ ದಿನವೇ ಇಳಿಸಿ. ಅದಕ್ಕೂ ಮುಂಚೆ ಇಳಿಸಿದ್ರೆ ಯಾರೋ ಪಾಪ ಮಲಗೋಕೆ ಎತ್ಕೊಂಡು ಹೋಗ್ತಾರೆ. ಮನೆಗೆ ಕೀಟ ನಿಯಂತ್ರಣದವರನ್ನ ಕರೆಸಿ, ಎರಡು ವಾರದ ಅಂತರದಲ್ಲಿ ಎರಡು ಸಲ ಮದ್ದು ಹೊಡೆಸಿದ ಮೇಲೇ ಹೊಸ ಹಾಸಿಗೆ ಒಳಗೆ ಬರಲಿ. ಒಂದೇ ಸಲಕ್ಕೆ ನಿಲ್ಲಿಸಬೇಡಿ, ಮದ್ದಿಗೆ ಮೊಟ್ಟೆ ಸುಲಭವಾಗಿ ಸಾಯಲ್ಲ.

---

ಪಕ್ಕದ್ಮನೆ

ದಾನದ ಮಾತು ಬಂದಿದ್ದಕ್ಕೆ. ಅನಾಥಾಶ್ರಮ, ವೃದ್ಧಾಶ್ರಮಗಳಿಗೆ ಗುಂಡಿ ಬಿದ್ದ ಹಾಸಿಗೆ ಹೊತ್ಕೊಂಡು ಹೋಗಬೇಡಿ. ನಿಮಗೆ ಮಲಗೋಕಾಗದ್ದು ಎಂಬತ್ತು ವರ್ಷದವರಿಗೆ ಹೇಗಾಗುತ್ತೆ? ಬೀದಿನಾಯಿಗಳ ಆಶ್ರಯಧಾಮದವರು ಕೇಳಿದ್ರೆ ತಗೋಬಹುದು, ಆದರೆ ಸ್ಪ್ರಿಂಗ್ ಬೇಡವೇ ಬೇಡ. ನಾಯಿ ಕಚ್ಚಿ ಕಿತ್ತಾಗ ತಂತಿ ಬಾಯಿಗೆ ಹೋಗುತ್ತೆ. ಶುಭ್ರ ಫೋಮ್ ಅನ್ನ ಎರಡಡಿ-ಮೂರಡಿ ತುಂಡು ಮಾಡಿ ಹಳೇ ಬೆಡ್‌ಶೀಟಿನ ಚೀಲದಲ್ಲಿ ಹೊಲಿದು ಕೊಟ್ರೆ ಖುಷಿಯಾಗಿ ತಗೋತಾರೆ. ಫೋನ್ ಮಾಡಿ ಕೇಳಿ ಹೋಗಿ.

ಓಎಲ್‌ಎಕ್ಸ್‌ನಲ್ಲಿ ಹಾಕೋದಾದ್ರೆ "ಉಚಿತ, ಎರಡನೇ ಮಹಡಿಯಿಂದ ನೀವೇ ಇಳಿಸಬೇಕು" ಅಂತ ಮೊದಲ ಸಾಲಲ್ಲೇ ಬರೆಯಿರಿ, ಗುಂಡಿಯ ಫೋಟೋನೂ ಹಾಕಿ. ಐನೂರು ರೂಪಾಯಿ ಆದರೂ ಬರಲಿ ಅಂತ ಬೆಲೆ ಹಾಕಿದ್ರೆ "ಮಿಲಿಟರಿಯಲ್ಲಿದ್ದೀನಿ, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅನ್ನೋರು ಬರ್ತಾರೆ. ಅದು ಮೋಸ. ದುಡ್ಡು ಬರೋಕೆ ಸ್ಕ್ಯಾನೂ ಬೇಡ, ಯುಪಿಐ ಪಿನ್ನೂ ಬೇಡ.

---

ಮಂಚದಡಿ

ಉಜ್ಜಿ ನೋಡಿದೆ. ಹರಡಲಿಲ್ಲ, ಮುಗ್ಗಲು ವಾಸನೆ ಇದೆ. ಮಡಿಕೆಯಲ್ಲಿ ಪೊರೆ, ಮೊಟ್ಟೆ ಏನೂ ಇಲ್ಲ. ಹಾಸಿಗೆಯ ಆ ಬದಿ ಬಾತ್‌ರೂಮ್ ಗೋಡೆಗೆ ತಾಗಿಕೊಂಡಿತ್ತು.

ಕೊನೇ ಅನುಮಾನ: ಹೊಸದು ಸುರುಳಿ ಸುತ್ತಿ ಬರೋ ಫೋಮ್, 100 ರಾತ್ರಿ ಟ್ರಯಲ್ ಅಂತಾರೆ. ಹಳೇದನ್ನ ಅವತ್ತೇ ಕಳಿಸಿಬಿಡ್ಲಾ?

---

ಅಂಗಡಿಕಡೆಯವ

ಬೂಸ್ಟು ಹಿಡಿದಿದ್ರೆ ವಾರಂಟಿ ಆಸೆ ಬಿಡಿ, ಅದನ್ನ ಬಳಸಿದವರ ತಪ್ಪು ಅಂತ ಬರೀತಾರೆ. ಎಕ್ಸ್‌ಚೇಂಜ್‌ಗೆ ಅಡ್ಡಿಯಾಗೋದು ಅಪರೂಪ, ಆದರೆ ಆ ಮೂಲೆಯ ಫೋಟೋ ಬಚ್ಚಿಡಬೇಡಿ. ಹೊಸದು ಹಾಕುವಾಗ ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಮಂಚ ಸರಿಸಿ. ಮಂಚದ ಪ್ಲೈವುಡ್ ಒಂದೇ ಹಲಗೆ ಆಗಿದ್ರೆ ಅಡಿಗೊಂದರಂತೆ ಅರ್ಧ ಇಂಚಿನ ತೂತು ಕೊರೆಸಿ. ಫೋಮ್ ಕೆಳಗಿನಿಂದ ಉಸಿರಾಡದಿದ್ರೆ ಮಳೆಗಾಲದಲ್ಲಿ ಮತ್ತೆ ಅದೇ ಕಥೆ.

ಟ್ರಯಲ್ ಬಗ್ಗೆ. ಎಕ್ಸ್‌ಚೇಂಜ್‌ನಲ್ಲಿ ಹೋದ ಹಾಸಿಗೆ ತಿರುಗಿ ಬರಲ್ಲ. ನೂರನೇ ರಾತ್ರಿ ಹೊಸದು ಬೇಡ ಅಂದ್ರೆ ದುಡ್ಡು ಸಿಗುತ್ತೆ, ಮಲಗೋಕೆ ನೆಲ. ಆನ್‌ಲೈನ್ ಕೊರಿಯರ್‌ನವರು ಸಾಮಾನ್ಯವಾಗಿ ಹಳೇದನ್ನ ಮುಟ್ಟೋದೇ ಇಲ್ಲ. ಗುಂಡಿ ಬಿದ್ದ ಕಿಂಗ್ ಸೈಜ್ ಹಾಸಿಗೆಯನ್ನ ಮೂರು ತಿಂಗಳು ಗೋಡೆಗೆ ಒರಗಿಸಿ ಇಟ್ಕೊಳ್ಳೋದರಲ್ಲಿ ಅರ್ಥ ಇಲ್ಲ, ನಿಮ್ಮದಂತೂ ಬೂಸ್ಟು ಬೇರೆ. ಹಿಂಜಿಸಿ ತಂದ ಹತ್ತಿ ಹಾಸಿಗೆಯೇ ನಿಮಗೆ ಆಧಾರ ಆಗುತ್ತೆ, ಹಾಗಾಗಿ ಮೊದಲು ಅದನ್ನ ಹಿಂಜೋಕೆ ಕೊಡಿ, ಅದು ಬಂದ ಮೇಲೆ ಆರ್ಡರ್ ಮಾಡಿ.

ಸುರುಳಿ ಫೋಮ್ ಬಂದ ದಿನವೇ ಬಿಚ್ಚಿ, ಹಾಗೇ ಸುತ್ತಿಟ್ಟಷ್ಟೂ ಉಬ್ಬೋದು ನಿಧಾನ. ಮೇಲಿನ ಪ್ಲಾಸ್ಟಿಕ್ ಕತ್ತರಿಸುವಾಗ ಬ್ಲೇಡ್ ಒಳಮುಖ ಇರಬಾರದು, ಹೊಸ ಹಾಸಿಗೆಯ ಬಟ್ಟೆ ಕುಯ್ದು ಟ್ರಯಲ್ ಕಳ್ಕೊಂಡವರು ಕಡಿಮೆ ಇಲ್ಲ. ಮಂಚದ ಮೇಲೇ ಬಿಡಿಸಿ. ಪೂರ್ತಿ ದಪ್ಪ ಬರೋಕೆ 24ರಿಂದ 72 ಗಂಟೆ, ಚಳಿಗಾಲದಲ್ಲಿ ಇನ್ನೂ ನಿಧಾನ. ಮೂರು ದಿನ ಆದಮೇಲೆ ನಾಲ್ಕು ಮೂಲೆ ಮತ್ತು ನಡುವೆ ಸ್ಕೇಲ್ ಹಿಡಿದು ಅಳೆಯಿರಿ. 8 ಇಂಚು ಅಂತ ಕೊಟ್ಟು ಏಳೂಕಾಲು ಬಂದ್ರೆ ಫೋಟೋ ಸಮೇತ ಆಗಲೇ ದೂರು ಕೊಡಿ. ತೂಕದಿಂದಲೂ ಪರೀಕ್ಷೆ ಮಾಡಬಹುದು: 78x72x8 ಇಂಚು ಅಂದ್ರೆ ಸುಮಾರು 0.74 ಘನ ಮೀಟರ್, ಪೂರ್ತಿ 32 ಡೆನ್ಸಿಟಿ ಫೋಮ್ ಆದ್ರೆ 23-24 ಕೆಜಿ ಇರಬೇಕು. 17 ಕೆಜಿ ತೂಗಿದ್ರೆ 32 ಅಂತ ಚೀಟಿಯಲ್ಲಿ ಮಾತ್ರ ಇದೆ.

ಹೊಸ ಫೋಮ್ ವಾಸನೆ ಒಂದೆರಡು ದಿನ ಇರುತ್ತೆ, ಕಿಟಕಿ ತೆಗೆದು ಫ್ಯಾನ್ ಹಾಕಿ. ಸುತ್ತಿಕೊಂಡು ಬಂದ ರಟ್ಟಿನ ಪೆಟ್ಟಿಗೆ ಮತ್ತು ಪ್ಲಾಸ್ಟಿಕ್ ಟ್ರಯಲ್ ಮುಗಿಯೋವರೆಗೂ ಅಟ್ಟದ ಮೇಲಿರಲಿ. ವಾಪಸ್ ಕೊಡುವಾಗ ಕೆಲವರು ಕೇಳ್ತಾರೆ.

---

ಕಟಿಂಗ್‌ಪ್ಲೇಯರ್

ಸ್ಪ್ರಿಂಗ್ ಹಾಸಿಗೆ ಇಳಿಸುವಾಗ ಒಂದು: ಮಡಚೋಕೆ ಹೋಗಬೇಡಿ, ಅಂಚಿನ ಕಂಬಿ ಬಾಗಿ ಎಕ್ಸ್‌ಚೇಂಜ್‌ನವರು ಬೇಡ ಅಂತಾರೆ. 78ರ ಬದಿ ಕೆಳಗೆ ಬರೋ ಹಾಗೆ ನಿಲ್ಲಿಸಿ, ಇಬ್ಬರು ಹಿಡಿದು, ಕೆಳಗಿನ ಮೆಟ್ಟಿಲಲ್ಲಿ ಇರೋರು ಬಲವಾದವರು. ತಿರುವಿನಲ್ಲಿ ಮೆಟ್ಟಿಲ ರೇಲಿಂಗ್ ಮೇಲಿಂದ ಎತ್ತಿ ದಾಟಿಸಿ. ಟಾಟಾ ಏಸ್ ಡಬ್ಬಿಯ ಅಗಲ ಐದಡಿಗಿಂತ ಕಡಿಮೆ, ಆರಡಿ ಹಾಸಿಗೆ ಚಪ್ಪಟೆ ಕೂರಲ್ಲ. ನಿಲ್ಲಿಸಿ ಎರಡು ಕಡೆ ಹಗ್ಗ ಬಿಗೀರಿ, ಇಲ್ಲಂದ್ರೆ ಫ್ಲೈಓವರ್ ಮೇಲಿನ ಗಾಳಿಗೆ ಏಳುತ್ತೆ.